ಸಾಲೋಮಿಯ ಮಗ್ಗುಲ ಜಾಗ

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ತ್ರಾಸಿನ ಕೆಲಸವೆಂದು ಅಥಣಿಯ ಸುಂದರಾಳನ್ನು ಕೇಳಬೇಕು. ಬದುಕಿರುವ ಸವತಿಯಾದರೆ ನಳದ ಹತ್ತಿರ ಕೊಡ ಕುಕ್ಕಿ ಜಗಳ ತೆಗೆಯಬಹುದು. ಅವಳ ಪಲ್ಯಕ್ಕೆ ಉಪ್ಪು ಜಾಸ್ತಿಯಾಯಿತೆಂದು ನಾಲ್ಕು ಜನರ ಮುಂದೆ ಆಡಿಕೊಳ್ಳಬಹುದು. ಅವಳಿಗೂ ಒಂದು ದಿನ ಸೊಂಟ ಹಿಡಿಯುತ್ತದೆ ಎಂದು ಕಾಯಬಹುದು. ಸತ್ತವಳಿಗೆ ಮುಪ್ಪೂ ಇಲ್ಲ, ತಪ್ಪೂ ಇಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಸಾಲೋಮಿ ಅದೇ ವಯಸ್ಸಿನಲ್ಲಿ, ಅದೇ ಅರೆನಗುವಿನಲ್ಲಿ ಕೂತಿದ್ದಳು. ಅದರ ಕೆಳಗೆ ಓಡಾಡುವ ಸುಂದರಾಳ ಕೂದಲು ಮಾತ್ರ ಕಿವಿಯ ಹತ್ತಿರ ಬೆಳ್ಳಗಾಗತೊಡಗಿತ್ತು.

ಸುಂದರಾಳ ಗಂಡ ಗಂಗಾರಾಮ ಚಪ್ಪಲಿ ಮಾಡುವವನು. ಚಪ್ಪಲಿಗೆ ಹೆಸರು ಕೊಲ್ಲಾಪುರದ್ದು, ಬೆರಳು ಚುಚ್ಚಿಸಿಕೊಳ್ಳುವವರು ಮಾತ್ರ ನಾವು ಅಥಣಿಯವರು ಎಂದು ಅವನು ಆಗಾಗ ನಗುತ್ತಿದ್ದ. ತೊಗಲು ಕತ್ತರಿಸುವುದು, ಅಟ್ಟೆ ಬಡಿಯುವುದು ಗಂಡಸಿನ ಪಾಲು. ತೊಗಲಿನ ಸಣ್ಣ ಎಳೆಗಳನ್ನು ಹೆಣೆದು ಮೇಲಿನ ಪಟ್ಟಿಗೆ ಜಡೆ ಹಾಕುವುದು ಹೆಂಗಸಿನ ಪಾಲು. ಹಾಗಾಗಿ ಅವರ ಓಣಿಯಲ್ಲಿ ಹೆಂಡತಿ ಇಲ್ಲದ ಮನೆಯಲ್ಲಿ ಚಪ್ಪಲಿಯೂ ಇಲ್ಲ. ಮೊದಲ ಹೆಂಡತಿ ಸಾಲೋಮಿ ಜ್ವರದಲ್ಲಿ ತೀರಿಕೊಂಡು ಗಂಗಾರಾಮ ಕೈಕಟ್ಟಿ ಕೂತಾಗ, ಚರ್ಚಿನ ಸಭೆಯ ಹಿರಿಯರೇ ಮುಂದೆ ನಿಂತು ಹಾರೂಗೇರಿಯ ಸುಂದರಾಳನ್ನು ತಂದು ಮದುವೆ ಮಾಡಿಸಿದ್ದರು. ಗಂಡ ಒಳ್ಳೆಯವನೇ. ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಭಾನುವಾರ ತೊಗಲು ಮುಟ್ಟುವವನಲ್ಲ. ಹುಟ್ಟಿದ ಒಬ್ಬಳೇ ಮಗಳು ಸ್ನೇಹಲಳನ್ನು ಓದಿಸಿ ನಿಪ್ಪಾಣಿಗೆ ಮದುವೆ ಮಾಡಿ ಕೊಟ್ಟಿದ್ದ. ಇಂಥವನ ಮೇಲೆ ಏನು ದೂರು ಹೇಳುವುದು? ಹೇಳಲು ಬಾಯಿ ತೆರೆದರೆ ಕೇಳುವವರು ನಗುತ್ತಿದ್ದರು.

ಗಿರಾಕಿಗಳು ಕೂಡ ಸಾಲೋಮಿಯನ್ನು ಸಾಯಲು ಬಿಡುತ್ತಿರಲಿಲ್ಲ. ಶಿರಗುಪ್ಪಿಯ ಬಾಬಾಸಾಹೇಬ ಪ್ರತಿ ವರ್ಷ ತನ್ನ ಹೊಲದ ಕಬ್ಬು ಕಾರ್ಖಾನೆಗೆ ಹೋದ ಮೇಲೆ ಹೊಸ ಜೋಡಿ ಒಯ್ಯಲು ಬರುತ್ತಿದ್ದ. ಸುಂದರಾ ಕಣ್ಣು ನೋಯಿಸಿಕೊಂಡು ಹೆಣೆದ ಜಡೆಯನ್ನು ಬೆಳಕಿಗೆ ಹಿಡಿದು, ಆಚೀಚೆ ತಿರುಗಿಸಿ, "ಛಲೋ ಐತಿ ಬಿಡ್ರಿ. ಆದ್ರೂ ಆ ಸಾಲೋಮಿಬಾಯಿ ಕೈ ಬ್ಯಾರೇನ ಇತ್ತು" ಎನ್ನುತ್ತಿದ್ದ. ಹಾಗೆಂದ ದಿನ ಅವನ ಚಹಾಕ್ಕೆ ಸಕ್ಕರೆ ಬೀಳುತ್ತಿರಲಿಲ್ಲ.

ಇದನ್ನೆಲ್ಲ ಸುಂದರಾ ನುಂಗಿಕೊಳ್ಳುತ್ತಿದ್ದಳು. ನುಂಗಲಾಗದ್ದು ಬೇರೆಯೇ ಇತ್ತು. ದಿನಾ ಸಂಜೆ ಊಟಕ್ಕೆ ಮೊದಲು ಗಂಗಾರಾಮ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದ. ಮಳೆಗೆ, ಬೆಳೆಗೆ, ನಿಪ್ಪಾಣಿಯ ಮಗಳಿಗೆ, ಓಣಿಯ ಕಾಯಿಲೆಯವರಿಗೆ ಎಲ್ಲರಿಗೂ ಕೇಳಿಕೊಂಡು, ಕಡೆಗೆ ತಪ್ಪದೆ, ನಮಗಿಂತ ಮುಂದೆ ಹೋದವರ ಮುಖವನ್ನು ಆ ದಿನ ನೋಡುವ ಭಾಗ್ಯ ಕೊಡು ತಂದೆಯೇ ಎನ್ನುತ್ತಿದ್ದ. ಮುಂದೆ ಹೋದವರಲ್ಲಿ ಅವನ ಅಪ್ಪನಿದ್ದ, ಅವ್ವ ಇದ್ದಳು, ಚಿಕ್ಕಂದಿನಲ್ಲೇ ಹೋದ ತಮ್ಮನಿದ್ದ. ಸುಂದರಾಳ ಕಿವಿಗೆ ಕೇಳುತ್ತಿದ್ದುದು ಒಂದೇ ಹೆಸರು. ಆಮೆನ್ ಎಂದು ಅವಳೂ ಹೇಳುತ್ತಿದ್ದಳು, ಹಲ್ಲು ಕಚ್ಚಿಕೊಂಡು.

ಅವಳ ಲೆಕ್ಕ ಸರಳವಾಗಿತ್ತು. ಇಲ್ಲಿ ಎಷ್ಟು ಬಾಳಿದರೂ ಅದಕ್ಕೊಂದು ಕೊನೆ ಇದೆ, ಅಲ್ಲಿಯದಕ್ಕೆ ಕೊನೆ ಇಲ್ಲ. ಕೊನೆಯಿಲ್ಲದ್ದೆಲ್ಲ ಸಾಲೋಮಿಗೆ, ರೊಟ್ಟಿ ಬಡಿಯುವುದು ತನಗೆ. ಸ್ವರ್ಗದ ಬಾಗಿಲಲ್ಲಿ ಆ ಅರೆನಗುವಿನವಳು ನಿಂತಿರುತ್ತಾಳೆ, ಗಂಗಾರಾಮ ತನ್ನ ಕೈ ಬಿಟ್ಟು ಅವಳ ಕಡೆ ನಡೆಯುತ್ತಾನೆ. ಹಿಟ್ಟು ನಾದುವಾಗ ಈ ಚಿತ್ರ ಕಣ್ಣಿಗೆ ಕಟ್ಟಿತೆಂದರೆ ಆ ದಿನದ ರೊಟ್ಟಿ ದಪ್ಪಗಾಗುತ್ತಿತ್ತು.

ಈ ಚಿತ್ರಕ್ಕೆ ಊರ ಹೊರಗೆ ಒಂದು ಸಾಕ್ಷಿಯೂ ಇತ್ತು. ಸಾಲೋಮಿಯನ್ನು ಮಣ್ಣು ಮಾಡಿದಾಗ ಗಂಗಾರಾಮ ಪಕ್ಕದ ಜಾಗವನ್ನೂ ಕಾದಿರಿಸಿ, ಎರಡಕ್ಕೂ ಸೇರಿಸಿ ಒಂದೇ ಕಲ್ಲಿನ ಕಟ್ಟೆ ಕಟ್ಟಿಸಿದ್ದ. ಅರ್ಧ ತುಂಬಿತ್ತು, ಅರ್ಧ ಖಾಲಿ ಇತ್ತು. ಖಾಲಿ ಅರ್ಧ ಯಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಶುಭ ಶುಕ್ರವಾರದ ಮರುದಿನ ಸಭೆಯವರೆಲ್ಲ ತಮ್ಮ ತಮ್ಮವರ ಗೋರಿ ತೊಳೆದು ಸುಣ್ಣ ಹಚ್ಚುತ್ತಾರೆ. ಈಸ್ಟರ್ ದಿನ ನಸುಕಿನಲ್ಲೇ ಮೇಣದ ಬತ್ತಿ ಹಿಡಿದು, ಹಾಡುತ್ತ ಅಲ್ಲಿಗೆ ಹೋಗುತ್ತಾರೆ. ಮದುವೆಯಾದ ವರ್ಷದಿಂದ ಆ ಕಟ್ಟೆಗೆ ಸುಣ್ಣ ಹಚ್ಚಿದವಳು ಸುಂದರಾ. ಸವತಿಯ ಗೋರಿಗೂ ಅವಳೇ, ಸವತಿಯ ಮಗ್ಗುಲಲ್ಲಿ ಗಂಡ ಮಲಗುವ ಜಾಗಕ್ಕೂ ಅವಳೇ. ಎಂಥ ಒಳ್ಳೆಯ ಮನಸ್ಸು ನೋಡಿರಿ ಎಂದು ಸಭೆಯ ಹೆಂಗಸರು ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಅವಳಿಗೆ ಸುಣ್ಣದ ಬಕೀಟು ಎತ್ತಿ ಒಗೆಯುವಷ್ಟು ಸಿಟ್ಟು ಬರುತ್ತಿತ್ತು.

ಈ ವರ್ಷ ಈಸ್ಟರ್ ಹತ್ತಿರ ಬಂದಾಗ ಸಮಾಧಿ ಜಾಗದ ಉಸ್ತುವಾರಿ ನೋಡುವ ಸತ್ತೆಪ್ಪ ಆರಾಧನೆ ಮುಗಿದ ಮೇಲೆ ಎದ್ದು ನಿಂತ. ಜಾಗ ತುಂಬುತ್ತ ಬಂದಿದೆ, ಇನ್ನು ಮುಂದೆ ಒಂದು ಮನೆಗೆ ಒಂದೇ ಜಾಗ ಕಾದಿಡುವುದು, ಅದೂ ಯಾರಿಗೆಂದು ಈಗಲೇ ಹೇಳಬೇಕು ಎಂದ. ಉಳಿದವರಿಗೆ ಬೇಲಿಯ ಕಡೆ ಸಾಲು ಇದೆ. ಅದೂ ಬೇಡವೆಂದರೆ, ವರ್ಷಗಳು ಕಳೆದ ಮೇಲೆ ಅದೇ ಮನೆಯವರ ಹಳೆಯ ಗೋರಿ ತೆರೆದು ಅದರ ಮೇಲೆಯೇ ಮಣ್ಣು ಮಾಡಬಹುದು. ಹೀಗೆ ಹೇಳಿ ಅವನು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳತೊಡಗಿದ.

ಗಂಗಾರಾಮ ಏಳುವುದನ್ನು ಕಂಡದ್ದೇ ಸುಂದರಾ ಸೆರಗು ಸರಿಮಾಡಿಕೊಂಡು ಹೊರಗೆ ಬಂದುಬಿಟ್ಟಳು. ಸಾಲೋಮಿಯ ಪಕ್ಕದ ಜಾಗ ನನಗೇ ಇರಲಿ ಎಂದು ಅವನ ಬಾಯಿಂದಲೇ ಕೇಳುವಷ್ಟು ಗಟ್ಟಿ ಎದೆ ಅವಳದಲ್ಲ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೊದಲೇ ಅವನದು ಕಡಿಮೆ ಮಾತು.

ಆ ವಾರ ಹೆಂಗಸರ ಪ್ರಾರ್ಥನೆ ಮುಗಿದ ಮೇಲೆ ಸುಂದರಾ ಪಾಸ್ಟರ ಹತ್ತಿರ ಒಬ್ಬಳೇ ಉಳಿದಳು. ತನ್ನ ಮಾತೆಂದು ಹೇಳಲು ನಾಚಿಕೆಯಾಗಿ, ಹಾರೂಗೇರಿಯ ತನ್ನ ಸಂಬಂಧಿಕಳೊಬ್ಬಳ ಪ್ರಶ್ನೆ ಎಂದು ಹೇಳಿ, ಎರಡು ಮದುವೆಯಾದ ಗಂಡಸು ಸ್ವರ್ಗದಲ್ಲಿ ಯಾರ ಗಂಡನಾಗಿರುತ್ತಾನೆಂದು ಕೇಳಿದಳು. ಪಾಸ್ಟರು ನಗಲಿಲ್ಲ. ಅಲ್ಲಿ ಮದುವೆಯ ಮಾತೇ ಇಲ್ಲವಮ್ಮ, ಎಲ್ಲರೂ ದೇವದೂತರ ಹಾಗಿರುತ್ತಾರೆ, ನಿಮ್ಮ ಸಂಬಂಧಿಕಳಿಗೆ ಧೈರ್ಯ ಹೇಳಿ ಎಂದರು. ಸುಂದರಾ ಅಲ್ಲಿಂದ ಗೆದ್ದವಳ ಹಾಗೆ ಹೊರಟಳು. ಸಾಲೋಮಿಯ ಆಸೆಗೆ ಕಲ್ಲು ಬಿತ್ತು, ನಿಂತುಕೊಂಡಿರಲಿ ಬಾಗಿಲಲ್ಲಿ ಎಂದುಕೊಂಡಳು. ಆ ಖುಷಿ ಓಣಿಯ ತಿರುವಿನವರೆಗೂ ಬಾಳಲಿಲ್ಲ. ಅವಳಿಗಿಲ್ಲ, ಸರಿ. ಹಾಗಾದರೆ ತನಗೂ ಇಲ್ಲ! ಇಷ್ಟು ವರ್ಷ ಒಬ್ಬಳಿಗೆ ಬಿಟ್ಟುಕೊಡಲಾಗದೆ ಒದ್ದಾಡಿದವನನ್ನು ಈಗ ಎಲ್ಲರಿಗೂ ಬಿಟ್ಟುಕೊಡಬೇಕೆ? ಅವಳಿಗೆ ಪಾಸ್ಟರ ಮೇಲೂ ಸಿಟ್ಟು ಬಂತು, ದೇವದೂತರ ಮೇಲೂ ಬಂತು.

ಮನೆಗೆ ಬಂದವಳೇ, ತೊಗಲು ಹರಡಿಕೊಂಡು ಕೂತಿದ್ದ ಗಂಗಾರಾಮನ ಮುಂದೆ ನಿಂತು, "ಅಲ್ಲಿ ಗಂಡಾ ಹೆಂಡ್ತಿ ಅನ್ನೂದ ಇಲ್ಲಂತಲ್ಲ, ಖರೇನ್ರಿ?" ಎಂದಳು.

ಅವನು ತಲೆ ಎತ್ತಲಿಲ್ಲ. "ಖರೇನ. ಚಪ್ಪಲಿ ಬಾಗಲದಾಗ ಬಿಟ್ಟ ಒಳಗ ಹೋಗ್ತೇವಲ್ಲ, ಹಂಗ. ಒಳಗ ಹ್ವಾದ ಮ್ಯಾಲ ಯಾರ ಜ್ವಾಡಿ ಯಾವದು ಅಂತ ಯಾರ ಕೇಳ್ತಾರ?"

"ಒಳಗಿಂದು ಬಿಡ್ರಿ. ಬಾಗಲಾತನಕರ ನೀವು ಯಾರ ಜ್ವಾಡಿ?"

ತೊಗಲು ಕೊಯ್ಯುತ್ತಿದ್ದ ರಂಪಿಗೆ ನಿಂತಿತು. ಗಂಗಾರಾಮ ತಲೆ ಎತ್ತಿ, ಇದನ್ನೇನು ಮತ್ತೆ ಕೇಳುತ್ತೀ ಎಂಬಂತೆ ಅವಳನ್ನು ನೋಡಿದ.  ತೊಗಲಿಗೆ ನೀರು ಚಿಮುಕಿಸಿ ಮತ್ತೆ ಕೊಯ್ಯತೊಡಗಿದ. ಸುಂದರಾಳಿಗೆ ಅಷ್ಟು ಸಾಕಾಯಿತು. ಹೇಳಲು ಒಳ್ಳೆಯ ಉತ್ತರವಿದ್ದವನು ಸುಮ್ಮನೆ ಯಾಕೆ ಇರುತ್ತಾನೆ?

ಶನಿವಾರ ಅವಳು ಸುಣ್ಣದ ಬಕೀಟು ಹಿಡಿದು ಒಬ್ಬಳೇ ಹೋದಳು. ಬಾಬಾಸಾಹೇಬನ ಜೋಡಿ ಮುಗಿಸಬೇಕೆಂದು ಗಂಗಾರಾಮ ಮನೆಯಲ್ಲೇ ಉಳಿದಿದ್ದ. ಸಾಲೋಮಿಯ ಅರ್ಧವನ್ನು ಸುಂದರಾ ಉಜ್ಜಿ ತೊಳೆದಳು. ಸುಣ್ಣಕ್ಕೆ ನೀಲಿ ಬೆರೆಸಿ ಕಣ್ಣು ಕುಕ್ಕುವ ಹಾಗೆ ಒಂದರ ಮೇಲೊಂದು ಕೈ ಬಳಿದಳು. ಸತ್ತವಳ ಮೇಲೆ ಇವಳಿಗೆ ಹೊಟ್ಟೆಕಿಚ್ಚು ಎಂದು ಯಾರೂ ಬೆರಳು ತೋರಿಸಬಾರದು. ಆಮೇಲೆ ಖಾಲಿ ಅರ್ಧದ ಕಡೆ ತಿರುಗಿದಳು. ಹೋದ ಮಳೆಗಾಲದ ಪಾಚಿ ಒಣಗಿ ಅದು ಕಪ್ಪಾಗಿತ್ತು. ಕುಂಚ ಬಕೀಟಿನಲ್ಲೇ ಇತ್ತು, ಸುಣ್ಣ ಇನ್ನೂ ಅರ್ಧ ಉಳಿದಿತ್ತು.  ತನ್ನ ಹೆಣ ಬೇಲಿಯ ಕಡೆ ಜಾಲಿಮುಳ್ಳಿನಲ್ಲಿ ಬಿದ್ದಿರುವಾಗ ಇವರಿಬ್ಬರೂ ಇಲ್ಲಿ ತಣ್ಣಗೆ ಮಲಗುವುದಕ್ಕೆ ತಾನೇ ಹಾಸಿಗೆ ಹಾಸಬೇಕೆ? ಉಳಿದ ಸುಣ್ಣವನ್ನೆಲ್ಲ ಬೇವಿನ ಮರದ ಬುಡಕ್ಕೆ ಸುರಿದಳು. ಅವನ ಜಾಗಕ್ಕೆ ಅವನ ಸಾಲೋಮಿಯೇ ಎದ್ದು ಬಂದು ಸುಣ್ಣ ಹಚ್ಚಲಿ, ನಾಳೆ ಇಡೀ ಸಭೆ ಬಂದು ನೋಡಲಿ ಎಂದುಕೊಂಡು ಮನೆಗೆ ಬಂದಳು. ಆ ರಾತ್ರಿ ಅವಳಿಗೆ ಸೊಗಸಾಗಿ ನಿದ್ದೆ ಬಂತು.

ಈಸ್ಟರ್ ನಸುಕಿನಲ್ಲಿ ಹಾಡುತ್ತ ಬಂದವರು ಗೇಟು ದಾಟಿ ತಮ್ಮ ತಮ್ಮವರ ಹತ್ತಿರ ಚದುರಿದರು. ಬೆಳಕು ಹರಿದಂತೆ ಗೋರಿಗಳೆಲ್ಲ ಬೆಳ್ಳಗೆ ಕಾಣತೊಡಗಿದವು. ಒಂದು ಕಟ್ಟೆ ಮಾತ್ರ ಅರ್ಧ ಬಿಳಿ, ಅರ್ಧ ಕಪ್ಪು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಗಂಗಾರಾಮನೂ ನೋಡಿದ. ಸುಂದರಾ ಮಾತ್ರ ಹೊಸ ಸೀರೆಯಲ್ಲಿ ನೆಟ್ಟಗೆ ನಿಂತಿದ್ದಳು. ಯಾರಾದರೂ ಕೇಳಲಿ ಎಂದೇ ಅವಳು ಕಾಯುತ್ತಿದ್ದಳು.

ಕೇಳಿದವನು ಸತ್ತೆಪ್ಪ. ಅವನು ಬತ್ತಿ ಹಿಡಿದು ಪ್ರತಿ ಗೋರಿಯನ್ನೂ ನೋಡುತ್ತ ಬಂದವನು ಅಲ್ಲಿ ನಿಂತುಬಿಟ್ಟ.

"ಇದೇನ್ರಿ ವೈನಿ, ಸಾಲೋಮಿ ಗೋರಿಗಿ ಇಷ್ಟ ಚೆಂದ ಹಚ್ಚಿ ನಿಮ್ಮ ಜಾಗಾ ಹಂಗ ಬಿಟ್ಟೀರಲ್ಲ?"

"ನನ್ನ ಜಾಗಾ ಯಾವದ್ರಿ?"

"ಇದ ಅಲ್ಲೇನ್ರಿ. ಗಂಗಾರಾಮಣ್ಣ ಅವತ್ತ ನಿಮ್ಮ ಹೆಸರ ಹೇಳ್ಯಾನ. ತನಗ ಬೇಲಿ ಕಡೆ ಸಾಕು ಅಂದ."

ಸುಂದರಾಳ ಬತ್ತಿ ವಾಲಿ ಬಿಸಿ ಮೇಣ ಕೈಮೇಲೆ ಬಿತ್ತು. ಅವಳಿಗೆ ಅದು ತಿಳಿಯಲೇ ಇಲ್ಲ. ಹೊಟ್ಟೆಕಿಚ್ಚಿಗೆ ತನ್ನ ಗೋರಿಗೇ ಸುಣ್ಣ ತಪ್ಪಿಸಿದ ಹೆಂಗಸು ಇಡೀ ಅಥಣಿ ತಾಲೂಕಿನಲ್ಲಿ ತಾನೊಬ್ಬಳೇ ಇರಬೇಕು ಎನಿಸಿ ಮುಖ ಕಾದುಹೋಯಿತು. ಸತ್ತೆಪ್ಪ ಮುಂದಿನ ಗೋರಿಗೆ ಹೋದ ಮೇಲೆ ಗಂಡನ ಕಡೆ ತಿರುಗಿದಳು. ನಾಚಿಕೆಯನ್ನು ಅಡಗಿಸಲು ಬಾಯಿಗೆ ಬಂದದ್ದು ಹಳೆಯ ಸಿಟ್ಟೇ.

"ಅಕಿ ಮಗ್ಗಲದಾಗ ನನ್ನ ಮಲಗಸ್ತೀರಿ? ನನ್ನ ಒಂದ ಮಾತ ಕೇಳಲಿಲ್ಲ."

"ಎಲ್ಲಾರ ಮುಂದ ನಿಂತ ಹೇಳಿನಿ. ನೀನೂ ಅಲ್ಲೇ ಅದಿ ಅಂತ ತಿಳದಿದ್ನಿ" ಎಂದ ಗಂಗಾರಾಮ.  ಆಮೇಲೆ ಒಂದೊಂದೇ ಮಾತು ಹೊರಬಂತು. "ಈ ಜಾಗಾ ಹಿಡಿದಾಗ ಅಕಿ ಹಿಂದ ನಾನೂ ಹೋಗಿಬಿಡ್ತೀನಿ ಅನಸಿತ್ತು. ಆಮ್ಯಾಲ ನೀ ಬಂದಿ. ವರ್ಷಾ ವರ್ಷಾ ನನ್ನ ಜಾಗಾಕ ನೀ ಸುಣ್ಣಾ ಹಚ್ಚೂದ ನೋಡಿ ನನಗ ತಲಿ ಎತ್ತಾಕ ಆಗತಿರಲಿಲ್ಲ. ನಾ ಇಲ್ಲಿ ಮಲಗಿದ್ರ ನೀ ಬೇಲಿ ಕಡೆ ಒಬ್ಬಾಕಿನ ಬೀಳ್ತಿ. ನಾ ಗಂಡಸ ಅದೀನಿ, ಎಲ್ಲೆರ ಬೀಳ್ತೀನಿ."

ಅವನು ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಸುಂದರಾ ಎಂದೂ ಕೇಳಿರಲಿಲ್ಲ.  ಸಾಲೋಮಿಯ ಪಕ್ಕದಿಂದ ಅವನು ತಾನಾಗಿಯೇ ಎದ್ದು ಬಂದಿದ್ದ, ಅದೂ ತನಗಾಗಿ. ಅಷ್ಟಕ್ಕೆ ಅವಳು ಅತ್ತು ಸುಮ್ಮನಾಗಬೇಕಿತ್ತು. ಅತ್ತಳು, ನಿಜ. ಆದರೆ ಸುಮ್ಮನಾಗಲಿಲ್ಲ. ಬೇಲಿಯ ಕಡೆ ನೋಡಿದಳು. ಅಲ್ಲಿ ಜಾಲಿ ಬೆಳೆದಿತ್ತು, ಅದರಾಚೆ ಯಾರದೋ ಕಬ್ಬು. ಅಲ್ಲಿ ಅವನನ್ನು ಒಬ್ಬನನ್ನೇ ಬಿಟ್ಟು ತಾನು ಇಲ್ಲಿ ಸವತಿಗೆ ಜೊತೆಯಾಗಿ ಮಲಗುವುದೇ? ಇದು ಯಾವ ನ್ಯಾಯ ಎನಿಸಿತು.

"ಸತ್ತೆಪ್ಪಾ, ಒಂದಿಷ್ಟ ಬರ್ರಿಲ್ಲಿ" ಎಂದು ಕೂಗಿದಳು. ಅವನು ಬಂದ. ಒಂದೇ ಮನೆಯವರನ್ನು ಒಂದರ ಮೇಲೊಂದು ಮಣ್ಣು ಮಾಡಬಹುದು ಅಂದಿರಲ್ಲ, ಅದು ನಿಜವೇ ಎಂದು ಕೇಳಿದಳು. ನಿಜ ಎಂದ.

"ಹಂಗಾರ ಬೇಲಿ ಕಡೆ ನಮ್ಮ ಮನ್ಯಾಂವ್ರು ಯಾರೂ ಬರೂದಿಲ್ಲ. ನಮ್ಮಿಬ್ಬರಾಗ ಮೊದಲ ಹ್ವಾದವರು ಇದರಾಗ. ಹಿಂದ ಹ್ವಾದವರು ಅವರ ಮ್ಯಾಲ. ನೆನಪ ಇಡ್ರಿ."

ಸತ್ತೆಪ್ಪ ಗಂಗಾರಾಮನ ಮುಖ ನೋಡಿದ. ಗಂಗಾರಾಮ ಬೇವಿನ ಮರ ನೋಡುತ್ತಿದ್ದ. ಅವನ ಮೀಸೆಯ ಕೆಳಗೆ ನಗು ಸಿಕ್ಕಿಹಾಕಿಕೊಂಡಿತ್ತು. ಅಕ್ಕಪಕ್ಕದ ಗೋರಿಗಳ ಹತ್ತಿರ ನಿಂತವರು ನಗು ತಡೆಯಲಾರದೆ ಹಾಡಿನ ಪುಸ್ತಕ ಮುಖಕ್ಕೆ ಹಿಡಿದರು. ಸುಂದರಾ ಯಾರಿಗೂ ಕೇರ್ ಮಾಡಲಿಲ್ಲ.

ಎಲ್ಲರೂ ಚಹಾ, ಉಪ್ಪಿಟ್ಟಿಗೆ ಚರ್ಚಿನ ಕಡೆ ಹೊರಟ ಮೇಲೆ ಅವಳು ಹಿಂದೆ ಉಳಿದಳು. ಸತ್ತೆಪ್ಪನನ್ನು ಕೇಳಿ ತಂದ ಸುಣ್ಣದಿಂದ, ಹೊಸ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಕಪ್ಪು ಅರ್ಧವನ್ನು ಬಳಿದು ಮುಗಿಸಿದಳು. ಕೈಯಲ್ಲಿದ್ದ ಬತ್ತಿಯನ್ನು ಎಲ್ಲಿಡಬೇಕೆಂದು ಗಳಿಗೆ ಹೊತ್ತು ಯೋಚಿಸಿ, ಸಾಲೋಮಿಯ ತಲೆಯ ಕಡೆ ಇಟ್ಟಳು. ಇಷ್ಟು ವರ್ಷ ಅವಳ ಗೋರಿ ತೊಳೆದಿದ್ದಳೇ ಹೊರತು ಅವಳೊಡನೆ ಒಂದು ಮಾತೂ ಆಡಿರಲಿಲ್ಲ.

"ನೋಡ್ ಸಾಲೋಮಿ, ಬಾಗಲಾತನಕ ಇವ್ರು ನನ್ನ ಜ್ವಾಡಿ. ನೀ ಮಗ್ಗಲದಾಗ ಸುಮ್ಕ ಮಲಗಿರಬೇಕ" ಎಂದಳು. ಎದ್ದು ಸೀರೆ ಕೊಡವಿಕೊಂಡಳು. ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. "ಒಳಗ ಹ್ವಾದ ಮ್ಯಾಲ ನೀನೂ ಬಾ. ಮೂವರೂ ಬರಿಗಾಲಲೆ ನಿಲ್ಲೂಣು."