ಕಾಲಿಗೆ ತಿಳಿಯದ ನೆಲ

ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುವ ದೀಪಾ, ತನ್ನ ವಿದ್ಯಾರ್ಥಿಗಳೊಂದಿಗೆ ಮನುಷ್ಯನಷ್ಟೇ ಎತ್ತರದ ರೋಬೋ ಒಂದನ್ನು ನಡೆಸಲು ಹೆಣಗುತ್ತಿದ್ದಳು. ಕ್ಯಾಮೆರಾ ತೆರೆದಿದ್ದರೆ ಅದು ನೆಟ್ಟಗೆ ನಿಲ್ಲುತ್ತಿತ್ತು. ಕ್ಯಾಮೆರಾ ಮುಚ್ಚಿದರೆ ದೊಪ್ಪನೆ ಬೀಳುತ್ತಿತ್ತು. ಮನುಷ್ಯರು ಕತ್ತಲಲ್ಲೂ ಬೀಳದೆ ನಿಲ್ಲುತ್ತಾರಲ್ಲ, ಹೇಗೆ? ತಿಳಿಯಲೆಂದು ಸಿಕ್ಕಸಿಕ್ಕವರ ಕಾಲಿಗೆ ಸೆನ್ಸರ್ ಅಂಟಿಸಿ, ಕಣ್ಣು ಮುಚ್ಚಿಸಿ ನಿಲ್ಲಿಸುತ್ತಿದ್ದರು. ಆಗ ಪಾದವೇ ನೆಲವನ್ನು ಅರಿತು, ಹಿಮ್ಮಡಿಗೂ ಬೆರಳಿಗೂ ಭಾರ ಬದಲಿಸುತ್ತ ಮೈಯನ್ನು ಹಿಡಿದಿಡುವುದು ಪರದೆಯ ಮೇಲೆ ಸಣ್ಣ ಅಲೆಗಳಾಗಿ ಮೂಡುತ್ತಿತ್ತು.

ಅವತ್ತು ಮಧ್ಯಾಹ್ನ ಅಣ್ಣ ಜುಂಜೇಶ್ ಬಂದ. ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಅತ್ತಿಗೆ ಮಮತಾ ಕಟ್ಟಿಕೊಟ್ಟ ರೊಟ್ಟಿ ಕೊಟ್ಟು ಹೊರಡುವವನಿದ್ದ.

"ಅಣ್ಣ, ಒಂದು ನಿಮಿಷ ಇಲ್ಲಿ ನಿಂತ್ಕ. ಕಣ್ಣು ಮುಚ್ಚು."

"ನಿಲ್ಲಾಕೂ ಪರೀಕ್ಷೆ ಏನೇ?" ಎಂದು ನಗುತ್ತ ಚಪ್ಪಲಿ ಕಳಚಿದ. ವಿದ್ಯಾರ್ಥಿಗಳು ಕಾಲಿಗೆ ಸೆನ್ಸರ್ ಅಂಟಿಸಿದ ಮೇಲೆ ಕಣ್ಣು ಮುಚ್ಚಿದ.

ಮುಚ್ಚಿದ್ದೇ ತಡ, ಪಕ್ಕಕ್ಕೆ ವಾಲಿ ಮೇಜಿನ ಮೇಲೆ ಬಿದ್ದ. ವಿದ್ಯಾರ್ಥಿಗಳು ಹಿಡಿದೆತ್ತಿದರು.

"ಊಟ ಮಾಡಿಲ್ಲ ಕಣೇ, ತಲೆ ಸುತ್ತಿತು," ಎಂದ.

ದೀಪಾ ಪರದೆ ನೋಡಿದಳು. ಅಲೆಗಳಿರಬೇಕಾದ ಕಡೆ ಬರೀ ಗೆರೆ. ಅವನ ಪಾದ ಏನನ್ನೂ ಅರಿತೇ ಇರಲಿಲ್ಲ.

"ಅಣ್ಣ, ಕಾಲ ಕೆಳಗೆ ನೆಲ ಗೊತ್ತಾಗುತ್ತಾ?"

"ಹತ್ತಿ ಮೇಲೆ ನಿಂತಂಗೈತೆ. ಯುಗಾದಿ ಆದಮೇಲಿಂದ ಹಿಂಗೇ."

"ಮತ್ತೆ ಬ್ರೇಕು?"

ಅವನು ಚಪ್ಪಲಿಗಾಗಿ ಬಗ್ಗಿದ. "ನೋಡ್ಕಂಡು ತುಳಿತೀನಿ. ಸುಮ್ನಿರು. ಸ್ಟ್ಯಾಂಡಲ್ಲಿ ಜನ ಕಾಯ್ತಾವ್ರೆ."

"ಇವತ್ತೊಂದಿನ ಓಡಿಸಬ್ಯಾಡ ಅಣ್ಣ."

"ಇಷ್ಟು ದಿನ ಓಡಿಸಿಲ್ವೇನು?" ಎಂದು ಹೊರಟೇಬಿಟ್ಟ.

ಅವಳು ಹಿಂದೆಯೇ ಓಡಿದಳು. ಬಸ್ ಸ್ಟ್ಯಾಂಡಿನಲ್ಲೂ ಬೇಡಿಕೊಂಡಳು. ಕೇಳಲಿಲ್ಲ. ಕೊನೆಗೆ ತಾನೇ ಹತ್ತಿ ಅವನ ಪಕ್ಕ, ಎಂಜಿನ್ ಬಾನೆಟ್ ಮೇಲೆ ಕುಳಿತಳು. ಬಸ್ಸು ತುಂಬಿತ್ತು. ಬಾಣಂತಿಯೊಬ್ಬಳು ಕೂಸಿಗೆ ಸೆರಗು ಹೊದಿಸಿಕೊಂಡು ಮುಂದಿನ ಸೀಟಿನಲ್ಲಿದ್ದಳು.

ಊರು ದಾಟಿತು. ದೀಪಾ ರಸ್ತೆ ನೋಡಲಿಲ್ಲ, ಅಣ್ಣನ ಕಣ್ಣನ್ನೇ ನೋಡಿದಳು. ಬ್ರೇಕು ಬೇಕಾದಾಗಲೆಲ್ಲ ಅವನ ದೃಷ್ಟಿ ರಸ್ತೆ ಬಿಟ್ಟು ಕಾಲಿಗೆ ಇಳಿಯುತ್ತಿತ್ತು. ಆ ಹೊತ್ತಿನಲ್ಲಿ ಬಸ್ಸನ್ನು ಯಾರೂ ಓಡಿಸುತ್ತಿರಲಿಲ್ಲ. ಕೂಗಿ ಜನಕ್ಕೆ ಹೇಳಿಬಿಡಲೇ? ಕೂಗಿದರೆ ಬೆಚ್ಚಿ ಎಲ್ಲಿಗೆ ತಿರುಗಿಸುತ್ತಾನೋ! ಹೇಳದಿದ್ದರೆ? ಆ ಕೂಸಿನ ಕಡೆ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಹೊಳಲ್ಕೆರೆ ಇನ್ನೂ ದೂರವಿತ್ತು. ತಿರುವಿನಲ್ಲಿ ಕುರಿಮಂದೆ ರಸ್ತೆಗೆ ಅಡ್ಡ ಬಂತು.

"ಅಣ್ಣಾ, ಬ್ರೇಕು!"

ಅವನ ಕಾಲು ಬ್ರೇಕು ತಪ್ಪಿ ಪಕ್ಕಕ್ಕೆ ಬಿತ್ತು. ಬಸ್ಸು ಮುಂದಕ್ಕೆ ನುಗ್ಗಿತು. ಅವನು ತಲೆ ಬಗ್ಗಿಸಿ ನೋಡಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಅವಚಿಕೊಂಡು ಬ್ರೇಕು ತುಳಿದ. ಬಸ್ಸು ಕಿರ್ರೆಂದು ನಿಂತಿತು. ಕುರಿಗಳು ಚೆಲ್ಲಾಪಿಲ್ಲಿಯಾದವು. ಕೋಲೆತ್ತಿದ್ದ ಕುರಿಗಾಹಿ ಬಂಪರಿಗೆ ಒಂದು ಮೊಳದಲ್ಲಿ ನಿಂತಿದ್ದ. ಕೂಸು ಕಿರುಚತೊಡಗಿತು. ಯಾರಿಗೂ ಏನೂ ಆಗಿರಲಿಲ್ಲ.

ಕಂಡಕ್ಟರ್ ಉಗ್ರಪ್ಪ ಓಡಿ ಬಂದ. "ಏನಾತಣ್ಣ?"

ಜುಂಜೇಶ್ ಎಂಜಿನ್ ಆರಿಸಿ ಕೀಲಿ ಅವನ ಕೈಗಿಟ್ಟ. "ಯಜಮಾನ್ರಿಗೆ ಫೋನ್ ಮಾಡು, ಬೇರೆ ಡ್ರೈವರ್ ಕಳಿಸ್ಲಿ. ನನ್ ಕಾಲು ನನ್ ಮಾತು ಕೇಳ್ತಿಲ್ಲ." ಸೀಟಿನಿಂದ ಏಳಲು ಅವನಿಗೆ ತಂಗಿಯ ಭುಜ ಬೇಕಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಅವನ ಹಿಮ್ಮಡಿಗೆ ಸೂಜಿಮೊನೆ ತಾಗಿಸಿ ಕೇಳಿದರು, "ಗೊತ್ತಾಗುತ್ತಾ?" ಜುಂಜೇಶ್ ಚಾವಣಿ ನೋಡುತ್ತ "ಚುಚ್ಚಿದ್ರಾ?" ಎಂದ. ಬೆನ್ನುಹುರಿಯ ಸ್ಕ್ಯಾನ್ ಆಯಿತು, ಪರೀಕ್ಷೆಗೆ ರಕ್ತ ಕೊಟ್ಟಾಯಿತು. ವರದಿ ಬರುವವರೆಗೆ ಮಮತಾ ಬೆಂಚು ಬಿಟ್ಟು ಏಳಲಿಲ್ಲ. "ಕಾಲೇ ಹೋಗಿಬಿಟ್ರೆ ಏನ್ ಮಾಡಾಣ ದೀಪಾ?" ಎಂದು ಮತ್ತೆ ಮತ್ತೆ ಕೇಳಿದಳು.

ಬೆನ್ನುಹುರಿಯಲ್ಲಿ ಗಡ್ಡೆಯಿರಲಿಲ್ಲ. ಬಿ-ಹನ್ನೆರಡು ವಿಟಮಿನ್ ತೀರಾ ಇಳಿದು ನರಗಳು ಸೊರಗಿದ್ದವು. "ಇಂಜೆಕ್ಷನ್ ಶುರು ಮಾಡೋಣ. ಎಷ್ಟು ವಾಪಸ್ ಬರುತ್ತೆ ಅಂತ ಈಗ್ಲೇ ಹೇಳಕ್ಕಾಗಲ್ಲ. ನಾನು ಹೇಳೋವರೆಗೂ ಸ್ಟೇರಿಂಗ್ ಮುಟ್ಟಬೇಡಿ," ಎಂದರು ಡಾಕ್ಟರು.

ಜುಂಜೇಶ್ ಮನೆ ಸೇರಿದ. ತಂಗಿ ನೋಡಲು ಹೋದರೆ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಕಾಲೇಜಿನಲ್ಲಿ ವಿದ್ಯಾರ್ಥಿಗಳು ರೋಬೋದ ಅಂಗಾಲಿಗೆ ಒತ್ತಡ ಅರಿಯುವ ಪಟ್ಟಿಗಳನ್ನು ಕೂರಿಸಿದರು. ಅದು ಕ್ಯಾಮೆರಾ ಇಲ್ಲದೆಯೂ ತುಸು ಹೊತ್ತು ನಿಂತಿತು. ಹುಡುಗರು ಚಪ್ಪಾಳೆ ತಟ್ಟಿದರು. ದೀಪಾ ಹೊರಗೆ ಹೋಗಿ ಅತ್ತಿಗೆಗೆ ಫೋನ್ ಮಾಡಿದಳು. ಏನೂ ಬದಲಾಗಿಲ್ಲ ಎಂದಳು ಮಮತಾ.

ಹಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಮಮತಾಳೇ ಫೋನ್ ಮಾಡಿದಳು. ಅವಳು ಮಾತು ತೆಗೆಯುವ ಮೊದಲೇ ಹಿಂದಿನಿಂದ, ಬಚ್ಚಲಿನ ಕಡೆಯಿಂದ ಜುಂಜೇಶನ ಗದರಿಕೆ ಕೇಳಿಸಿತು.

"ಲೇ ಮಮತಾ, ಎಂಥಾ ನೀರು ಇಟ್ಟಿದೀಯೇ? ಕಾಲು ಸುಡ್ತೈತೆ!"

"ಕೇಳಿದ್ಯಾ?" ಎಂದಳು ಮಮತಾ. ಆಮೇಲೆ ಅಳತೊಡಗಿದಳು.