ವಾಪಸು ಬಾರದ ಉಪ್ಪಿನ ಚೀಲ

ಬಾಗಿಲ ಕೀಲಿನ ಮೂರನೆಯ ತಿರುಪು ಏನು ಮಾಡಿದರೂ ಬಿಡಲಿಲ್ಲ. ಕಾರ್ಖಾನೆಯ ಯಂತ್ರ ನೋಡಿಕೊಳ್ಳುವ ಮಿಷನ್ ಮಾಮ ಸ್ಕ್ರೂಡ್ರೈವರಿನ ತಲೆಗೆ ಸುತ್ತಿಗೆಯಿಂದ ಎರಡೇಟು ತಟ್ಟಿ ಮತ್ತೆ ತಿರುಗಿಸಿದರು. ತುಕ್ಕಿನ ಪುಡಿ ಅವರ ಪಾದದ ಮೇಲೆ ಉದುರಿತು. ಉಪ್ಪಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ತುಕ್ಕು ಹಿಡಿಯದ ತಿರುಪು ಇದೆ ಅಂದರೆ ಅದನ್ನು ಮೊನ್ನೆ ಮೊನ್ನೆ ತಂದಿದ್ದಾರೆ ಎಂದೇ ಅರ್ಥ. ಹೊರಗೆ ನಾಲ್ವರು ಅಮ್ಮನ ದೇಹವಿದ್ದ ಸ್ಟ್ರೆಚರ್ ಹಿಡಿದು ಕಾಯುತ್ತಿದ್ದರು. ಬಾಗಿಲು ಕಳಚದೆ ಅದು ಒಳಗೆ ತಿರುಗುವಂತಿರಲಿಲ್ಲ. ಬದುಕಿದ್ದಷ್ಟು ದಿನ ಯಾರಿಗೂ ಅಡ್ಡ ಬರದೆ ಗೋಡೆ ಸವರಿಕೊಂಡು ಓಡಾಡಿದ ಅಮ್ಮ ಇವತ್ತು ಬಾಗಿಲನ್ನೇ ಕೀಳಿಸುತ್ತಿದ್ದಾಳಲ್ಲ ಎನ್ನಿಸಿ ಮಗಳಿಗೆ ಅಳುವಿನ ನಡುವೆಯೇ ನಗು ಬಂತು. ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಹನ್ನೆರಡು ಗಂಟೆಗೆ ಗಾಡಿ ಬರುತ್ತೆ," ಎಂದರು ಮಾಮ, ತಿರುಪಿನ ಮೇಲಿನ ಕಣ್ಣು ತೆಗೆಯದೆ. "ಅಷ್ಟರೊಳಗೆ ಹೇಳೋರು ಕೇಳೋರು ಎಲ್ಲಾ ಬಂದು ನೋಡ್ಕೊಳ್ಳಲಿ."

ಹೇಳುವುದು ಮಗಳಿಗೇ ಇತ್ತು. ಬೆಳಗಿನಿಂದ ಅದೊಂದೇ ಅವಳ ಎದೆಯ ಮೇಲೆ ಕೂತಿತ್ತು.

ಮುಂದಿನ ಕೋಣೆಯ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ ಅಮ್ಮನನ್ನು ಮಧ್ಯದಲ್ಲಿ ಮಲಗಿಸಿದರು. ತಲೆಯ ಬಳಿ ಚಿಕ್ಕಮ್ಮ ಕೂತಳು. ಅಮ್ಮನಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು, ಹೊಲಿಗೆಯ ಕೆಲಸದವಳು. ಕಣ್ಣು ಒರೆಸಿಕೊಳ್ಳುತ್ತಲೇ ಹೊದಿಕೆಯ ಅಂಚು ಎಲ್ಲಿ ಬಿಚ್ಚಿದೆ ಎಂದು ಬೆರಳು ಹುಡುಕುತ್ತಿತ್ತು. ಅವಳ ಪಕ್ಕದಲ್ಲಿ ಅವಳ ಮಗಳು ಪುಟ್ಟಿ. ಪುಟ್ಟಿಗೆ ಇಪ್ಪತ್ತೊಂಬತ್ತು ವರ್ಷ. ಕಿವಿ ಅಷ್ಟಕ್ಕಷ್ಟೆ, ಮಾತು ಒಂದೊಂದೇ, ಬುದ್ಧಿ ಏಳೆಂಟು ವರ್ಷದ ಮಗುವಿನಲ್ಲಿ ನಿಂತುಬಿಟ್ಟಿದೆ. ದೊಡ್ಡಮ್ಮ ಮಲಗಿದ್ದಾಳೆ ಎಂದಷ್ಟೇ ಅವಳಿಗೆ ಹೇಳಿದ್ದರು.

ಬಂದವರು ಸತ್ತವಳ ಸುದ್ದಿ ತೆಗೆದರು. ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಹನಿಯಮ್ಮ ಎನ್ನುತ್ತಿದ್ದರು. ಉಪ್ಪಿಗೆ ಅಯೋಡಿನ್ ಸರಿಯಾಗಿ ಸೇರಿದೆಯೋ ಇಲ್ಲವೋ ನೋಡುವುದು ಅವಳ ಕೆಲಸ. ಚಿಟಿಕೆ ಉಪ್ಪಿನ ಮೇಲೆ ಪುಟ್ಟ ಬಾಟಲಿಯಿಂದ ಪರೀಕ್ಷೆಯ ದ್ರಾವಣ ಒಂದು ಹನಿ ಬಿಟ್ಟರೆ ಅದು ನೀಲಿಯಾಗಬೇಕು. ಆಗದಿದ್ದರೆ ಆ ಉಪ್ಪು ಹೊರಗೆ ಹೋಗುವ ಹಾಗಿಲ್ಲ. ಮೊದಲ ಚೀಲ, ನಡುವಿನ ಚೀಲ, ಕೊನೆಯ ಚೀಲ, ಗಂಟೆಗೆ ಮೂರು ಕಡೆ ಉಪ್ಪು ತೆಗೆದು ನೋಡುವ ಪದ್ಧತಿ ತಂದವಳೇ ಅವಳು. ಲಾರಿ ಡ್ರೈವರುಗಳು ಹಾರ್ನ್ ಹೊಡೆದು ಹೊಡೆದು ಸೋತಿದ್ದರು.

"ನಮ್ಮ ಮನೆಗೆ ಬಂದ್ರೆ ಮೊದಲು ಉಪ್ಪಿನ ಡಬ್ಬ ಎಲ್ಲಿ ಅನ್ನೋರು," ಎಂದಳು ಎದುರು ಮನೆಯಾಕೆ. "ಚೆನ್ನಾಗಿದ್ದೀರಾ ಅಂತ ಆಮೇಲೆ ಕೇಳೋರು."

ಮಗಳ ಮದುವೆಯ ಮಾತುಕತೆಗೆ ಹೋದಲ್ಲೂ ಬೀಗರ ಅಡುಗೆಮನೆಗೆ ನುಗ್ಗಿ ಹನಿ ಬಿಟ್ಟಿದ್ದಳೆಂದು ಇನ್ನೊಬ್ಬಾಕೆ ನೆನೆಸಿಕೊಂಡಳು. ಎಲ್ಲರೂ ತಡೆದು ತಡೆದು ನಕ್ಕರು. ಚಿಕ್ಕಮ್ಮನೂ ನಕ್ಕಳು. ಪಾಪ, ಅಕ್ಕನಿಗೆ ಅದೊಂದು ಹುಚ್ಚು, ಕೆಲಸದ ಮೇಲೆ ಅಷ್ಟು ಪ್ರಾಣ ಎಂದಳು. ಮಗಳು ಎದ್ದು ಹಿತ್ತಲಿಗೆ ಹೋದಳು. ಆ ನಗುವಿನಲ್ಲಿ ಕೂರುವ ಶಕ್ತಿ ಅವಳಿಗಿರಲಿಲ್ಲ.

*

ಹೋದ ವಾರ ಆಸ್ಪತ್ರೆಯಲ್ಲಿ ಅಮ್ಮ ಆಕ್ಸಿಜನ್ ಮುಖವಾಡವನ್ನು ತಾನೇ ಪಕ್ಕಕ್ಕೆ ಸರಿಸಿ ಮಾತು ಶುರುಮಾಡಿದ್ದಳು.

ಮೂವತ್ತು ವರ್ಷದ ಹಿಂದಿನ ಮಾತು. ಮಗಳಿಗೆ ಆಗ ಒಂದೂವರೆ ವರ್ಷ, ಎದೆಯಲ್ಲಿ ಕಫ ಕಟ್ಟಿ ಇದೇ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದಳು. ಅಪ್ಪ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ರಜೆ ಸಿಗಲಿಲ್ಲ. ಅಮ್ಮ ದಿನಕ್ಕೊಂದು ಗಂಟೆ ಕಾರ್ಖಾನೆಗೆ ಓಡಿ, ಪರೀಕ್ಷೆ ಮಾಡದೆಯೇ ಹಿಂದಿನ ದಿನದ ಅಂಕಿಯನ್ನೇ ಪುಸ್ತಕಕ್ಕೆ ಬರೆದು, ಸಹಿ ಹಾಕಿ, ಮತ್ತೆ ಮಗುವಿನ ಬಳಿ ಓಡಿಬರುತ್ತಿದ್ದಳು. ಅಯೋಡಿನ್ ಸಿಂಪಡಿಸುವ ಕೊಳವೆಯ ಬಾಯಿ ಉಪ್ಪು ಗಟ್ಟಿಯಾಗಿ ಕಟ್ಟಿಕೊಂಡಿದ್ದು ಆ ದಿನಗಳಲ್ಲೇ. ಹನ್ನೆರಡನೆಯ ದಿನ ಹನಿ ಬಿಟ್ಟು ನೋಡಿದರೆ ಉಪ್ಪು ಬೆಳ್ಳಗೆ ಬೆಳ್ಳಗೇ ಇತ್ತು. ಗೋದಾಮಿನಲ್ಲಿದ್ದದ್ದನ್ನು ತಡೆದಳು. ಹೋದದ್ದು ಹೋಗಿತ್ತು.

ಹೋದದ್ದರಲ್ಲಿ ಒಂದು ಹತ್ತು ಕಿಲೋ ಚೀಲ. ಕೆಲಸದವರಿಗೆ ಕೊಡುವ ಉಪ್ಪಿನಲ್ಲಿ ತನ್ನ ಪಾಲಿನದನ್ನು ಅವಳೇ ಕೈಯಾರೆ ತಂಗಿಯ ಮನೆಗೆ ಹೊತ್ತು ಹಾಕಿದ್ದಳು. ತಂಗಿ ಆಗ ಎರಡು ತಿಂಗಳ ಬಸುರಿ. ಈ ಕಡೆಯ ನೀರಿನಲ್ಲಾಗಲಿ ಮಣ್ಣಿನಲ್ಲಾಗಲಿ ಅಯೋಡಿನ್ ಇಲ್ಲ, ಬಂದರೆ ಉಪ್ಪಿನಲ್ಲೇ ಬರಬೇಕು, ಬಸುರಿಗೆ ಅದು ಸಿಗದಿದ್ದರೆ ಹೊಟ್ಟೆಯ ಕೂಸಿನ ಬುದ್ಧಿಗೂ ಕಿವಿಗೂ ಏಟು ಎಂಬುದು ಇಡೀ ಮನೆತನದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

"ಪುಟ್ಟಿ ವಿಷಯದಲ್ಲಿ ಡಾಕ್ಟರು ಏನಂದ್ರಮ್ಮ?" ಎಂದು ಮಗಳು ಕೇಳಿದ್ದಳು.

"ಅದರಿಂದಲೇ ಅಂತ ಹೇಳಕ್ಕಾಗಲ್ಲ ಅಂದ್ರು. ಅದರಿಂದ ಅಲ್ಲ ಅಂತಲೂ ಹೇಳಲಿಲ್ಲ."

ಅಮ್ಮನಿಗೆ ಉಸಿರು ಎಳೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

"ನನ್ನ ಬಾಯಿಂದ ಆಗ್ಲಿಲ್ಲ ಕಣೆ. ನೀನು ಹೇಳು. ನಾನು ಹೋದ ಮೇಲೆ ಹೇಳು. ಆದ್ರೆ ನನ್ನನ್ನ ಸಾಗಿಸೋಕೆ ಮುಂಚೆ ಹೇಳ್ಬೇಕು. ಅವಳು ಬಯ್ಯೋದಿದ್ರೆ ನನ್ನ ಮುಂದೇನೇ ಬಯ್ಲಿ."

*

ಹನ್ನೊಂದು ಗಂಟೆಯ ಹೊತ್ತಿಗೆ ಚಿಕ್ಕಮ್ಮ ಕೊಡ ತುಂಬಿಕೊಳ್ಳಲು ಹಿತ್ತಲಿಗೆ ಬಂದಳು. ಬಂದವರಿಗೆ ಗಂಜಿಯಾದರೂ ಬೇಯಿಸಬೇಕಲ್ಲ, ಎದುರು ಮನೆಯಾಕೆ ಒಲೆ ಹಚ್ಚಿದ್ದಾಳೆ ಎಂದಳು. ಮಗಳು ನಲ್ಲಿ ನಿಲ್ಲಿಸಿದಳು. ನೆಲ ನೋಡಿಕೊಂಡು, ಎಲ್ಲೂ ತಡೆಯದೆ, ಪಾಠ ಒಪ್ಪಿಸಿದ ಹಾಗೆ ಎಲ್ಲವನ್ನೂ ಹೇಳಿ ಮುಗಿಸಿದಳು. ನಡುವೆ ನಿಲ್ಲಿಸಿದ್ದರೆ ಮತ್ತೆ ಶುರುಮಾಡುವುದು ಅವಳಿಂದ ಆಗುತ್ತಿರಲಿಲ್ಲ.

ಚಿಕ್ಕಮ್ಮ ಅರ್ಧ ತುಂಬಿದ ಕೊಡವನ್ನೇ ನೋಡುತ್ತಿದ್ದಳು.

"ಇಪ್ಪತ್ತೊಂಬತ್ತು ವರ್ಷ," ಎಂದಳು ಕೊನೆಗೆ. "ಪ್ರತಿ ಭಾನುವಾರ ಬರ್ತಿದ್ಲು. ಪುಟ್ಟಿಗೆ ತಲೆ ಬಾಚೋಳು, ಗುಂಡಿ ಹಾಕೋದು ಕಲಿಸಿದ್ಲು, ಎಣಿಸೋದು ಕಲಿಸಿದ್ಲು. ನನ್ನ ಗಂಡನೇ ಕೈ ಬಿಟ್ಟು ಹೋದಾಗ ಅಕ್ಕ ಇದಾಳಲ್ಲ ಅಂತ ಬದುಕಿದೆ. ಅದು ಪ್ರೀತಿ ಅಂದ್ಕೊಂಡಿದ್ದೆ."

"ಪ್ರೀತೀನೇ ಚಿಕ್ಕಮ್ಮ."

"ನಿನಗೇನು ಗೊತ್ತು? ನಿನ್ನನ್ನ ಉಳಿಸ್ಕೊಂಡ್ಲು."

ಚಿಕ್ಕಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಾರ್ಖಾನೆಯ ಗೋಡೆಯ ಕಡೆ ಮುಖ ತಿರುಗಿಸಿದಳು. ಒಳಗೆ ಬರುವುದಿಲ್ಲ ಎಂದಳು.

*

ಕಲ್ಲಿನ ಮೇಲೆ ಕೂತವಳಿಗೆ ಒಂದು ಸಂಜೆ ನೆನಪಾಯಿತು. ಅವಳಿಗೆ ಮೂರು ತಿಂಗಳಾಗಿತ್ತು. ಅಕ್ಕ ಹೊಸದೊಂದು ಉಪ್ಪಿನ ಚೀಲವನ್ನು ಸೊಂಟದ ಮೇಲಿಟ್ಟುಕೊಂಡು, ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದಳು. ಇದನ್ನ ಇಟ್ಕೋ, ಹಳೇದನ್ನ ಕೊಡು ಎಂದಿದ್ದಳು.

ಅವಳು ನಕ್ಕುಬಿಟ್ಟಿದ್ದಳು. ಹಳೆಯದೇ ಬೇಕಾದಷ್ಟಿದೆ, ಉಪ್ಪೇನು ಹಳಸುತ್ತಾ, ಇನ್ನೊಂದು ಚೀಲ ಇಟ್ಟುಕೊಂಡು ನಾನೇನು ಅಂಗಡಿ ಹಾಕಲಾ ಎಂದಿದ್ದಳು. ಮೊದಲ ಬಸುರಿನ ಹುರುಪು, ಬಾಯಿಗೆ ಬಂದದ್ದೆಲ್ಲ ತಮಾಷೆ. ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು, ಏನಮ್ಮಾ ಉಪ್ಪಿನಲ್ಲಿ ಏನಾದರೂ ದೋಷವಾ ಎಂದು ಕೇಳಿದರು.

"ಇಲ್ಲ ಇಲ್ಲ," ಎಂದಿದ್ದಳು ಅಕ್ಕ. "ಹಂಗೇ ಕೇಳಿದೆ."

ಚೀಲವನ್ನು ಮತ್ತೆ ಸೊಂಟಕ್ಕೇರಿಸಿಕೊಂಡು ಹೋದಳು. ಮನೆಯಲ್ಲಿ ಹಳೆಯ ಉಪ್ಪು ಹೆರಿಗೆಯ ತನಕ ಬಂತು.

*

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಚಿಕ್ಕಮ್ಮ ಎದ್ದು ಓಡಿದಳು. ಪುಟ್ಟಿಗೆ ಏನಾದರೂ ಆದರೆ ಅವಳ ಕಾಲು ಅವಳ ಮಾತು ಕೇಳುತ್ತಿರಲಿಲ್ಲ.

ಎದುರು ಮನೆಯಾಕೆಯ ಕೈಯಲ್ಲಿದ್ದ ಉಪ್ಪಿನ ಪೊಟ್ಟಣವನ್ನು ಪುಟ್ಟಿ ಎರಡೂ ಕೈಯಿಂದ ಹಿಡಿದೆಳೆಯುತ್ತಿದ್ದಳು. ಗಂಜಿಗೆ ಉಪ್ಪು ಹಾಕಲು ಬಿಡುತ್ತಿಲ್ಲ ನೋಡಿ, ಮನೆಯಿಂದ ಹೊಸ ಪೊಟ್ಟಣ ತಂದರೆ ಈ ಹುಡುಗಿ ಹೀಗೆ ಮಾಡುತ್ತೆ ಎಂದು ಆಕೆ ದೂರಿದಳು. ಒಲೆಯ ಪಕ್ಕದಲ್ಲಿ ಬಿಳಿಯ ತಟ್ಟೆ ಇತ್ತು. ಅದರ ಮೇಲೆ ಚಮಚದಷ್ಟು ಉಪ್ಪು, ಉಪ್ಪಿನ ಮೇಲೆ ಒದ್ದೆಯ ಗುರುತು. ಪಕ್ಕದಲ್ಲೇ ಅಮ್ಮನ ಪುಟ್ಟ ಬಾಟಲಿ. ಭಾನುವಾರಗಳಲ್ಲಿ ದೊಡ್ಡಮ್ಮನ ಜೊತೆ ಆಡುತ್ತಿದ್ದ ಆಟ ಅದು. ಹನಿ ಬಿಡುವುದು, ಬೆರಳು ಮಡಚಿ ಹತ್ತರ ತನಕ ಎಣಿಸುವುದು, ದೊಡ್ಡಮ್ಮನ ಮುಂದೆ ತಟ್ಟೆ ಹಿಡಿಯುವುದು. ನೀಲಿಯಾಗಿದ್ದರೆ ದೊಡ್ಡಮ್ಮ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು. ಅದಾಗದೆ ಪುಟ್ಟಿ ಊಟಕ್ಕೆ ಕೂರುತ್ತಿರಲಿಲ್ಲ.

"ಬೇಡ," ಎಂದಳು ಪುಟ್ಟಿ ತಾಯಿಯನ್ನು ನೋಡಿ. "ಬಿಳಿ."

ಚಿಕ್ಕಮ್ಮ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಾನೇ ಇನ್ನೊಂದು ಹನಿ ಬಿಟ್ಟಳು. ಕಾದಳು. ಇನ್ನೊಂದು ಬಿಟ್ಟಳು. ಉಪ್ಪು ಕರಗಿತೇ ಹೊರತು ಬಣ್ಣ ಬರಲಿಲ್ಲ.

ಸದ್ದಿಗೆ ಬಂದಿದ್ದ ಮಿಷನ್ ಮಾಮ ಪೊಟ್ಟಣವನ್ನು ತಿರುಗಿಸಿ ತಾರೀಖು ಓದಿದರು. ಓದಿದವರು ಅಲ್ಲೇ ಬಾಗಿಲ ಚೌಕಟ್ಟಿಗೆ ಒರಗಿಕೊಂಡರು. ಹನಿಯಮ್ಮ ಆಸ್ಪತ್ರೆ ಸೇರಿದ ಮೂರನೆಯ ದಿನ ತುಂಬಿಸಿದ ಉಪ್ಪು ಅದು.

"ಅವರ ಬದಲು ಉಪ್ಪಿನ ಪರೀಕ್ಷೆ ನಾನೇ ಮಾಡ್ಬೇಕಿತ್ತು," ಎಂದರು ಮಾಮ. ದನಿ ಅವರದಲ್ಲವೆಂಬಂತಿತ್ತು. "ಅವತ್ತು ಅವರ ಉಸಿರು ನಿಲ್ತಾ ಇದೆ ಅಂತ ಆಸ್ಪತ್ರೆಯಿಂದ ಫೋನ್ ಬಂತು. ಬೇಗ ಹೋಗ್ಬೇಕಿತ್ತು. ನಿನ್ನೆ ಸರಿಯಾಗಿತ್ತಲ್ಲ ಅಂತ ನಿನ್ನೇದನ್ನೇ ಬರೆದುಬಿಟ್ಟೆ. ಒಂದೇ ದಿನ ತಂಗೀ. ಒಂದೇ ದಿನ."

ಚಿಕ್ಕಮ್ಮ ಅವರ ಮುಖವನ್ನೇ ನೋಡಿದಳು. ಬಿಳಿಯ ಗಡ್ಡ, ಎರಡು ರಾತ್ರಿ ನಿದ್ದೆಗೆಟ್ಟ ಕಣ್ಣು, ತುಕ್ಕು ಮೆತ್ತಿದ ಬೆರಳು. ಮೂವತ್ತು ವರ್ಷ ಅಕ್ಕನ ಜೊತೆ ಕೆಲಸ ಮಾಡಿದ ಮನುಷ್ಯ. ಕೆಟ್ಟವರೆಂದು ಅವರನ್ನು ಬಯ್ಯಲು ಅವಳಿಗೆ ಬಾಯಿ ಬರಲಿಲ್ಲ.

"ಈಗಲೇ ಹೇಳಿ," ಎಂದಳು. "ಎಲ್ಲಿಗೆಲ್ಲಾ ಹೋಗಿದೆಯೋ ಆ ಅಂಗಡಿಗಳಿಗೆಲ್ಲಾ ಫೋನ್ ಮಾಡಿ, ವಾಪಸ್ ತರಿಸಿ. ನಾಚಿಕೆ ಆಮೇಲೆ ಪಡಬಹುದು."

ಮಾಮ ಫೋನ್ ತೆಗೆದು ಅಂಗಳಕ್ಕೆ ಹೋದರು. ಅವರ ದನಿ ಮೊದಲು ತೊದಲಿ, ಆಮೇಲೆ ಗಟ್ಟಿಯಾಗಿದ್ದು ಒಳಗೆ ಕೇಳಿಸಿತು.

ಗಾಡಿ ಬಂದು ನಿಂತಿತು. ನಾಲ್ವರು ಒಳಗೆ ಬಂದರು. ಚಿಕ್ಕಮ್ಮ ಕೈಯೆತ್ತಿ ಅವರನ್ನು ತಡೆದು, ಅಕ್ಕನ ತಲೆಯ ಬಳಿ ಹೋಗಿ ಕೂತಳು. ಈಗ ಗೋಳಾಡುತ್ತಾಳೆ ಎಂದು ಹೆಂಗಸರು ಹತ್ತಿರ ಸರಿದರು. ಅವಳು ಗೋಳಾಡಲಿಲ್ಲ. ಮಲಗಿದವಳ ಕಿವಿಯ ಹತ್ತಿರ ಬಾಗಿ, ಜಗಳ ತೆಗೆಯುವ ದನಿಯಲ್ಲೇ ಹೇಳಿದಳು:

"ಒಂದು ಮಾತು ಹೇಳಿದ್ರೆ ಚೀಲ ವಾಪಸ್ ಕೊಡ್ತಿದ್ನಲ್ಲೇ ಅಕ್ಕಾ. ನಿನ್ನೆದುರಿಗೇ ಚರಂಡಿಗೆ ಸುರೀತಿದ್ದೆ. ನನ್ನ ಹತ್ರ ನಿನಗೆ ಎಂಥ ಮರ್ಯಾದೆ?"

ಮಗಳು ಗೋಡೆಗೆ ಮುಖ ಕೊಟ್ಟು ಅತ್ತಳು. ಅಮ್ಮ ಕೇಳಬೇಕೆಂದಿದ್ದ ಬೈಗುಳ ಇಷ್ಟೇ ಚಿಕ್ಕದು, ಇಷ್ಟೇ ತಡ.

ಪುಟ್ಟಿ ಅಡುಗೆಮನೆಯಿಂದ ನಿಧಾನ ಹೆಜ್ಜೆ ಹಾಕುತ್ತಾ ಬಂದಳು. ತಟ್ಟೆಯನ್ನು ತೊಳೆದಿದ್ದಳು. ದೊಡ್ಡಮ್ಮನ ಸ್ವಂತ ಡಬ್ಬದಿಂದ ಒಂದು ಚಮಚ ಉಪ್ಪು ತೆಗೆದು, ಉಳಿದಿದ್ದ ಹನಿಯನ್ನು ಬಿಟ್ಟಿದ್ದಳು. ಉಪ್ಪಿನ ನಡುವೆ ಗಾಢ ನೀಲಿ. ಎತ್ತಲು ಬಂದವರ ಕೈಗಳ ನಡುವೆ ತೂರಿ, ಮಂಡಿಯೂರಿ, ತಟ್ಟೆಯನ್ನು ದೊಡ್ಡಮ್ಮನ ಮುಚ್ಚಿದ ಕಣ್ಣುಗಳ ಮುಂದೆ ಹಿಡಿದಳು. ಹಿಡಿದು ಕಾದಳು.

ಹೊರಗೆ ಗಾಡಿಯವನು ಒಮ್ಮೆ ಹಾರ್ನ್ ಹೊಡೆದ. ಚಿಕ್ಕಮ್ಮ ಪುಟ್ಟಿಯ ಭುಜ ಮುಟ್ಟಿ, ಅವಳು ತಿರುಗಿದಾಗ ತನ್ನ ಹೆಬ್ಬೆರಳು ಎತ್ತಿ ತೋರಿಸಿದಳು.

ಪುಟ್ಟಿ ಅದನ್ನು ನೋಡಿದಳು. ಅಲ್ಲ ಎಂದು ತಲೆಯಾಡಿಸಿ, ತಟ್ಟೆಯನ್ನು ದೊಡ್ಡಮ್ಮನ ಮುಖಕ್ಕೆ ಇನ್ನೂ ಸ್ವಲ್ಪ ಹತ್ತಿರ ಹಿಡಿದಳು.