ಬಿಗಿದವರ ಕಾಲು

ಏಣಿ ಮಾಡಿದವನೇ ಅದನ್ನು ಮೊದಲು ಹತ್ತಬೇಕು. ಕೊಳ್ಳುವವರು ಕೆಳಗೆ ನಿಂತು ನೋಡುತ್ತಿರಬೇಕು. ಮಾಡಿದವನು ಕೊನೆಯ ಮೆಟ್ಟಿಲಿನವರೆಗೆ ಹೋಗಿ, ಅಲ್ಲಿ ಒಂದು ಸಲ ಕುಪ್ಪಳಿಸಿ, ಇಳಿದು ಬರಬೇಕು. ಅಲ್ಲಿಯತನಕ ಅದು ಏಣಿಯಲ್ಲ, ಬರೀ ಮರ. ಬೀದಿಯವರೆಲ್ಲ ‘ಏಣಿಯವರು’ ಎಂದೇ ಕರೆಯುತ್ತಿದ್ದ ಆ ಬಡಗಿ ಈ ನಿಯಮವನ್ನು ತಂದೆಯಿಂದ ಕಲಿತಿದ್ದರು. ಇದರಿಂದ ಅವರ ಪಕ್ಕೆಲುಬು ಎರಡು ಸಲ ಮುರಿದಿತ್ತು. ಎರಡು ಸಲವೂ ಅವರು ಮಲಗಿದಲ್ಲಿಂದಲೇ ನಿಯಮವನ್ನು ಹೊಗಳಿದ್ದರು. ಕೊಳ್ಳುವವನ ಪಕ್ಕೆಲುಬು ಉಳಿಯಿತಲ್ಲ, ಅಷ್ಟು ಸಾಕು.

ಆ ಭಾನುವಾರ ಮಧ್ಯಾಹ್ನ ಅವರ ಶೆಡ್ಡಿನಲ್ಲಿ ಏಣಿ ನಿಲ್ಲುವ ಜಾಗದಲ್ಲಿ ಮೋಟಾರ್ ಸೈಕಲ್ ನಿಂತಿತ್ತು. ಅದು ಮಗಳದ್ದು. ಮರುದಿನ ಬೆಳಿಗ್ಗೆಯಿಂದ ಅವಳು ಊರಿನ ಕ್ಲಿನಿಕ್ಕುಗಳನ್ನೆಲ್ಲ ಸುತ್ತಿ ರಕ್ತದ ಸ್ಯಾಂಪಲ್ಲುಗಳನ್ನು ಲ್ಯಾಬಿಗೆ ತಲುಪಿಸಬೇಕಿತ್ತು. ಬಹಳ ಕಾಲ ಮನೆಯಲ್ಲಿ ಕೂತ ಮೇಲೆ ಸಿಕ್ಕಿದ ಕೆಲಸ. ಸ್ವಂತ ಗಾಡಿಯಲ್ಲಿ ಬರಬೇಕು, ಬರದಿದ್ದರೆ ಮುಂದಿನವರನ್ನು ಕರೆಯುತ್ತೇವೆ ಎಂದು ಲ್ಯಾಬಿನವರು ಹೇಳಿದ್ದರು.

ಗಾಡಿ ಇತ್ತು. ಕೀ ಮಾತ್ರ ಏಣಿಯವರ ಅಂಗಿಯ ಜೇಬಿನಲ್ಲಿತ್ತು.

ಹಿಂದಿನ ವಾರ ಲ್ಯಾಬಿಗೆ ಸಂದರ್ಶನಕ್ಕೆ ಹೋದವಳು ಗೇಟಿನೆದುರೇ, ಜಲ್ಲಿಯ ಮೇಲೆ ಗಾಡಿ ತಿರುಗಿಸಲು ಹೋಗಿ ಬಿದ್ದಿದ್ದಳು. ಬಲಗಾಲು ಎಂಜಿನ್ನಿನ ಅಡಿ ಸಿಕ್ಕಿಕೊಂಡು, ಇಬ್ಬರು ಬಂದು ಗಾಡಿ ಎತ್ತುವತನಕ ಆಕಾಶ ನೋಡುತ್ತ ಮಲಗಿದ್ದಳು. ಮ್ಯಾನೇಜರು ಹೊರಗೆ ಬಂದು, “ಗಾಡಿಗೇನೂ ಆಗಿಲ್ಲ ತಾನೇ?” ಎಂದು ವಿಚಾರಿಸಿ ಕೆಲಸ ಖಾಯಂ ಮಾಡಿದ್ದ. ಕಾಲು ಮಾತ್ರ ಊದಿಕೊಂಡು ಕೆಲವು ದಿನ ಚಪ್ಪಲಿಯೊಳಕ್ಕೂ ಹೋಗಲಿಲ್ಲ.

ಏಣಿಯವರು ಬೇಡ ಅನ್ನಲಿಲ್ಲ. ಜೀವಮಾನವಿಡೀ ಜನರನ್ನು ಎತ್ತರಕ್ಕೆ ಹತ್ತಿಸಿದವರು ಬೀಳುವ ಭಯಕ್ಕೆ ಬೇಡ ಅಂದರೆ ಕಸುಬಿಗೇ ಶೋಭೆಯಲ್ಲ. “ಗಾಡಿ ಬಿದ್ರೂ ಕಾಲಿಗೆ ತಾಗದ ಹಾಗೆ ಏನಾದ್ರೂ ಹಾಕೋಣ. ಹಾಕಿದ್ದನ್ನ ಪರೀಕ್ಷೆ ಮಾಡೋಣ. ಆಮೇಲೆ ಕೀ” ಎಂದಷ್ಟೇ ಹೇಳಿ, ಬಿಡಿಭಾಗದ ಅಂಗಡಿಗೆ ಹೋಗಿ ಬಂದರು.

ತಂದದ್ದು ಮುಷ್ಟಿಗಾತ್ರದ, ಕರಿಯ ನೈಲಾನಿನ ಎರಡು ಗುಬಟು ಮತ್ತು ಎರಡು ಉದ್ದನೆಯ ಬೋಲ್ಟು. ಅಂಗಡಿಯವನು ಸ್ಲೈಡರ್ ಅಂದಿದ್ದ. ಏಣಿಯವರು ಗೂಟ ಅಂದರು. ಎಂಜಿನ್ನನ್ನು ಚೌಕಟ್ಟಿಗೆ ಹಿಡಿದಿರುವ ಮುಂದಿನ ಬೋಲ್ಟು ತೆಗೆದು, ಆ ತೂತಿಗೆ ಈ ಉದ್ದನೆಯ ಬೋಲ್ಟನ್ನು ಗೂಟದ ಸಮೇತ ತೂರಿಸಿ ಬಿಗಿಯಬೇಕು, ಎಡಕ್ಕೊಂದು, ಬಲಕ್ಕೊಂದು. ಗಾಡಿ ಮಲಗಿದರೆ ಗೂಟ ಮೊದಲು ನೆಲ ಮುಟ್ಟುತ್ತದೆ. ಚೌಕಟ್ಟೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ.

ಬೋಲ್ಟು ಬಿಗಿಯುವ ಪಾನ ಕೊಡಲು ಬಂದವನು ಪಕ್ಕದ ಮನೆಯ ಕೊಳಾಯಿ ರಿಪೇರಿಯವನು. ಜಗತ್ತಿನ ಯಾವ ತೊಂದರೆಗೂ ‘ವಾಷರ್ ಹೋಗಿರಬೇಕು’ ಅನ್ನುತ್ತಿದ್ದುದರಿಂದ ಅವನ ಹೆಸರೇ ವಾಷರ್ ಎಂದಾಗಿತ್ತು. ಪಾನ ಕೊಟ್ಟವನು ವಾಪಸು ಹೋಗಲಿಲ್ಲ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತ.

“ಒಂದು ಕಡೇದು ಬಿಚ್ಚಿ, ಬಿಗಿದು, ಆಮೇಲೆ ಇನ್ನೊಂದು ಕಡೆ ಅಂತ ಚಿತ್ರದಲ್ಲಿದೆ ಅಪ್ಪ,” ಎಂದಳು ಮಗಳು, ಪೊಟ್ಟಣದೊಳಗಿನ ಹಾಳೆ ನೋಡುತ್ತ.

“ಚಿತ್ರ ಬರೆದವನು ಏಣಿ ಮಾಡಿಲ್ಲ. ಒಂದೇ ಕಡೆ ಸಡಿಲ ಮಾಡಿದ್ರೆ ತಿರುಚಿಕೊಳ್ಳುತ್ತೆ. ಎರಡೂ ಕಡೆ ಸಮ ಸಮ ಬಿಚ್ಚಬೇಕು.”

“ಇದು ಏಣಿ ಅಲ್ಲವಲ್ಲ.”

“ಎರಡು ಕಡೆ ಇರೋದೆಲ್ಲ ಏಣಿನೇ.”

ಸಮ ಸಮ ಬಿಚ್ಚಿದರು. ಎಡಗಡೆಯದು ಬಂತು, ಬಲಗಡೆಯದು ಬಂತು. ಆಗ ಎಂಜಿನ್ನು, ದಿನವಿಡೀ ನಿಂತು ದುಡಿದವರು ಕುರ್ಚಿಗೆ ಒರಗುವ ಹಾಗೆ, ಒಂದು ಸಣ್ಣ ಸದ್ದು ಮಾಡಿ ಗೋಧಿಕಾಳಿನಷ್ಟು ಕೆಳಗೆ ಕೂತಿತು. ಚೌಕಟ್ಟಿನ ತೂತು ಮೇಲೆ, ಎಂಜಿನ್ನಿನ ತೂತು ಕೆಳಗೆ. ಏಣಿಯವರು ಬೋಲ್ಟನ್ನು ಬಲದಿಂದ ತೂರಿಸಿ ನೋಡಿದರು, ಎಡದಿಂದ ತೂರಿಸಿ ನೋಡಿದರು. ಹೋಗಲಿಲ್ಲ.

“ವಾಷರ್ ಹೋಗಿರಬೇಕು,” ಎಂದ ವಾಷರ್.

ಏಣಿಯವರು ಮೂಲೆಯಲ್ಲಿದ್ದ ಮುರುಕು ಮೆಟ್ಟಿಲುಗಳನ್ನು ತಂದು ಎಂಜಿನ್ನಿನ ಅಡಿ ಪೇರಿಸಿ, ಎರಡು ಮರದ ಬೆಣೆ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ಬಡಿದರು. ಬೆಣೆಯ ಮಟ್ಟಿಗೆ ಅವರನ್ನು ಯಾರೂ ಮೀರಿಸುವಂತಿರಲಿಲ್ಲ. ಮಗಳು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ತೂತಿನೊಳಗೆ ಟಾರ್ಚ್ ಬಿಟ್ಟು ಹೇಳತೊಡಗಿದಳು.

“ಇನ್ನೊಂಚೂರು... ಇನ್ನೊಂಚೂರು... ಜಾಸ್ತಿಯಾಯ್ತು. ಇಳಿಸು.”

“ಎಷ್ಟು?”

“ನೀನು ತಪ್ಪು ಒಪ್ಪಿಕೊಳ್ಳೋ ಅಷ್ಟು.”

ಒಂದು ಕೂದಲೆಳೆಯಷ್ಟು ಇಳಿಸಿದರು. ತೂತುಗಳು ಒಂದಾದವು. ಬೋಲ್ಟು ಬೆಣ್ಣೆಯೊಳಗಿಳಿವ ಚಾಕುವಿನಂತೆ ನುಸುಳಿತು.

ಬಿಗಿಯುವಾಗ ಏಣಿಯವರ ಬಲಭುಜ ಕೈಕೊಟ್ಟಿತು. ಮರ ಹೆರೆದು ಹೆರೆದು ಸವೆದ ಭುಜ. ಒಂದು ಹಂತದಾಚೆ ಅದು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಪಾನವನ್ನು ಮಗಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರು. ಅವಳು ಬಲಗಡೆಯದನ್ನು ಬಿಗಿದಳು, ಎಡಗಡೆಯದನ್ನು ಬಿಗಿದಳು. ಅಳತೆಯ ಬಿಗಿ ಬಂದಾಗ ಸದ್ದು ಮಾಡುವ ಪಾನ ಅದು. ಎರಡೂ ಸಲ ‘ಟಕ್’ ಎಂದಿತು.

ಅಷ್ಟರಲ್ಲಿ ಏಣಿಯವರ ಹೆಂಡತಿ ನೀರು ತಂದರು. ಗಂಡ ನೆಲ ಗುಡಿಸಿ, ಗಾಡಿಯ ಬಲಕ್ಕೆ ಕೂತು, ಪ್ಯಾಂಟು ಮೊಣಕಾಲಿನವರೆಗೆ ಮಡಚುತ್ತಿದ್ದರು.

“ಏನ್ರೀ ಅದು?”

“ಪರೀಕ್ಷೆ. ನನ್ನ ಕಾಲ ಮೇಲೆ ಗಾಡಿ ಕೆಡವಬೇಕು.”

ಹೆಂಡತಿ ನೀರಿನ ಚೊಂಬನ್ನು ನಿಧಾನವಾಗಿ ಕೆಳಗಿಟ್ಟರು. “ಪಕ್ಕೆಲುಬು ಸಾಲಲಿಲ್ವಾ? ಒಂದು ಹಳೇ ಏಣಿ ಇಟ್ಟು ಕೆಡವಿದ್ರಾಗಲ್ವಾ?”

“ಏಣಿಗೆ ನೋವು ಗೊತ್ತಾಗಲ್ಲ.”

“ನಿಮಗೆ ಗೊತ್ತಾಗುತ್ತಾ?”

“ಅಕ್ಕ, ಸ್ವಲ್ಪ ತಡೀರಿ,” ಎಂದ ವಾಷರ್ ಬಕೆಟ್ಟಿನಿಂದ ಎದ್ದು. “ಗಾಡಿ ಕೆಡವೋರು ಯಾರು? ಮಗಳು. ಯಾರ ಮೇಲೆ? ಅಪ್ಪನ ಮೇಲೆ. ನಾಳೆ ಬೀದಿಯವರು ಹತ್ತಿದ ಏಣೀನೇ ಒದ್ದಳು ಅಂತಾರೆ.”

ಆ ಗಾದೆಯನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಏಣಿಯವರು ಅವನನ್ನೇ ದಿಟ್ಟಿಸಿದರು. ವಾಷರ್ ಮತ್ತೆ ಕೂತ.

ಮಗಳು ಪಾನ ಹಿಡಿದುಕೊಂಡೇ ನಿಂತಿದ್ದಳು. “ಅಪ್ಪ, ಏಣಿ ಮೊದಲು ಹತ್ತೋರು ಯಾರು?”

“ಮಾಡಿದವನು.”

“ಇದನ್ನ ಬಿಗಿದೋರು ಯಾರು?”

ಏಣಿಯವರು ಪ್ಯಾಂಟನ್ನು ಇನ್ನೊಂದು ಸುತ್ತು ಮಡಚಿದರು.

“ಹೇಳು. ಬಿಗಿದೋರು ಯಾರು?”

“ಬೆಣೆ ಬಡಿದೋನು ನಾನು.”

“ಬೆಣೆ ತೆಗೆದಾಯ್ತು. ಅದು ಅಲ್ಲಿ ಮೂಲೇಲಿದೆ. ಬಿಗಿದಿದ್ದು ಇದೆ ಇಲ್ಲಿ. ಏಳು ಮೇಲೆ.”

“ಮಾಡಿದ್ದುಣ್ಣೋ ಮಹರಾಯ ಅಂತಾರೆ,” ಎಂದ ವಾಷರ್. ಸುಮ್ಮನಿರುವುದು ಅವನಿಗೆ ಎಂದೂ ಒಗ್ಗಿರಲಿಲ್ಲ.

ನಿಯಮ ನಿಯಮವೇ. ಏಣಿಯವರು ಪ್ಯಾಂಟಿನ ಮಡಿಕೆ ಬಿಡಿಸಿಕೊಂಡು ಎದ್ದರು. ಮಗಳು ಅವರ ಜಾಗದಲ್ಲಿ ಕೂತು, ಹೋದ ವಾರ ಸಿಕ್ಕಿಕೊಂಡಿದ್ದ ಅದೇ ಕಾಲನ್ನು ಚಾಚಿದಳು. ಊತ ಇಳಿದಿತ್ತು, ಹಳದಿ ಕಲೆ ಇನ್ನೂ ಇತ್ತು. ಏಣಿಯವರು ಹ್ಯಾಂಡಲ್ ಹಿಡಿದರು, ವಾಷರ್ ಹಿಂದಿನ ಕಂಬಿ ಹಿಡಿದ. ಸ್ಟ್ಯಾಂಡು ತೆಗೆದರು. ಗಾಡಿ ಬಲಕ್ಕೆ ವಾಲತೊಡಗಿತು.

ಅರ್ಧ ವಾಲಿತು. ಮುಕ್ಕಾಲು ವಾಲಿತು. ಗೂಟಕ್ಕೂ ನೆಲಕ್ಕೂ ನಡುವೆ ಒಂದು ಗೇಣು ಉಳಿದಾಗ ನಿಂತಿತು.

“ಬಿಡಪ್ಪ.”

“ಬಿಡ್ತೀನಿ.”

ಬಿಡಲಿಲ್ಲ. ಏಣಿಯವರ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಯಾರ ಮಾತನ್ನೂ ಕೇಳದ ಆ ಬಲಭುಜ ಈಗ ಕಂಬದಂತೆ ನಿಂತಿತ್ತು.

“ಬಿಡು ಅಂದೆನಲ್ಲ.”

“ಬಿಡ್ತಾ ಇದೀನಿ.”

“ಏಣಿಯವರೇ,” ಎಂದ ವಾಷರ್ ಹಲ್ಲು ಕಚ್ಚಿಕೊಂಡು, “ನೀವು ಕೈ ಬಿಡ್ತೀರೋ, ಇಲ್ಲ ನನ್ನ ಸೊಂಟ ಕೈ ಬಿಡುತ್ತೋ?”

ಏಣಿಯವರ ಹೆಂಡತಿ ಬಂದು ಗಂಡನ ಪಕ್ಕ ನಿಂತರು. ಇಷ್ಟೂ ಹೊತ್ತು ಬೇಡ ಬೇಡ ಅನ್ನುತ್ತಿದ್ದವರು ಅವರೇ. ಮಗಳ ಮುಖ ನೋಡಿದರು, ಗಂಡನ ಕೈ ನೋಡಿದರು. “ನಾಳೆ ರಸ್ತೇಲಿ ಹೀಗೆ ಹಿಡ್ಕೊಂಡು ಜೊತೇಲೇ ಓಡ್ತೀರೇನ್ರೀ?” ಎಂದರು. ದನಿ ಏರಿಸಲಿಲ್ಲ.

ಏಣಿಯವರು ಕೈ ಬಿಟ್ಟರು.

ಸದ್ದಾಯಿತು. ಶೆಡ್ಡಿನ ತಗಡು ಅದುರಿತು. ಹ್ಯಾಂಡಲ್ ತುದಿ ನೆಲದ ಮೇಲೆ ಒಂದು ಗೆರೆ ಎಳೆಯಿತು. ಆಮೇಲೆ ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲು ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು.

ಮಗಳು ಕಣ್ಣು ಬಿಟ್ಟಳು. ಗಾಡಿಯ ಅಡಿಯಲ್ಲಿ ಅವಳ ಹೆಬ್ಬೆರಳು ಮೇಲಕ್ಕೂ ಕೆಳಕ್ಕೂ ಆಡಿತು. “ಇನ್ನೊಂದು ಕಾಲಿಗೂ ಜಾಗ ಇದೆ,” ಎಂದಳು. “ವಾಷರ್ ಮಾಮ, ಬರ್ತೀರಾ?”

“ನನ್ನ ಕಾಲು ನನಗೆ ಬೇಕು ಕಣಮ್ಮ.”

ಗಾಡಿ ಎತ್ತಿ ನಿಲ್ಲಿಸಿದರು. ಏಣಿಯವರು ಮಗಳ ಕಾಲನ್ನು ನೋಡಲಿಲ್ಲ, ಗೂಟವನ್ನು ನೋಡಿದರು. ಅದರ ಮೂತಿ ನಾಣ್ಯದಗಲ ತರಚಿತ್ತು. ಬೋಲ್ಟು ಬಾಗಿರಲಿಲ್ಲ, ಚೌಕಟ್ಟಿಗೆ ಒಂದು ಗೀರೂ ಆಗಿರಲಿಲ್ಲ. ತರಚಿದ ಜಾಗದ ಮೇಲೆ ಬೆರಳಾಡಿಸಿದರು, ಮತ್ತೆ ಆಡಿಸಿದರು. ಆಮೇಲೆ ಹಿಂದಕ್ಕೆ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಂಡರು. ಪೆಟ್ರೋಲಿನ ವಾಸನೆ ಜೋರು ಎಂದರು.

ಮಗಳು ಎದ್ದು ಗಾಡಿಯ ಎಡಕ್ಕೆ ಬಂದು ನೆಲದ ಮೇಲೆ ಕೂತಳು. ಎಡಗಾಲು ಚಾಚಿದಳು. “ಹೂಂ. ಇನ್ನೊಂದು.”

ಏಣಿಯವರು ಬಗ್ಗಿ ಎಡಗಡೆಯ ಗೂಟವನ್ನು ನೋಡಿದರು. ಹೊಸದಾಗಿ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಬೆರಳಿಟ್ಟು, ತೆಗೆದರು.

“ಏಳು.”

“ಇದಿನ್ನೂ ಬಾಕಿ ಇದೆ ಅಪ್ಪ.”

“ಇದನ್ನೂ ನೀನೇ ಬಿಗಿದಿದ್ದಲ್ವಾ?”

“ಹೌದು.”

“ಹಾಗಾದ್ರೆ ಏಳು.”

ಜೇಬಿನಿಂದ ಕೀ ತೆಗೆದು ಅವಳ ಅಂಗೈಯಲ್ಲಿಟ್ಟರು. ಅವಳು ಅದನ್ನು ಹಿಡಿದುಕೊಂಡು ನೆಲದಲ್ಲೇ ಕೂತಿದ್ದಳು, ಎಡಗಾಲು ಚಾಚಿಕೊಂಡೇ.

ವಾಷರ್ ಬಾಯಿ ತೆರೆದ. ಏಣಿಯವರ ಹೆಂಡತಿ ಅವನ ಕಡೆ ನೋಡಿದರು. ಅವನು ಬಾಯಿ ಮುಚ್ಚಿ, ನೆಲದಲ್ಲಿ ತನ್ನ ಪಾನ ಎಲ್ಲಿ ಬಿತ್ತೆಂದು ಹುಡುಕತೊಡಗಿದ.